ಪರದೆ ದೊಡ್ಡದು, ಸಾಕ್ಷಿ ಯಾರು?

ಹೊಸ ಟಿ.ವಿ. ಕೊಳ್ಳಲು ಹೋದವರನ್ನು ಅಂಗಡಿಯಲ್ಲಿ ಮೊದಲು ಎದುರುಗೊಳ್ಳುವುದು ಅಂಕಿಗಳು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಬಿಂದುಗಳು. 8ಕೆ ಪರದೆಯಲ್ಲಿ 3 ಕೋಟಿ 30 ಲಕ್ಷಕ್ಕೂ ಮಿಕ್ಕಿ. ನಡುಮನೆಯಲ್ಲಿ ಹತ್ತು ಅಡಿ ದೂರ ಕುಳಿತವರಿಗೆ ಸಾಧಾರಣ ಗಾತ್ರದ ಪರದೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಕಾಣದ್ದಕ್ಕೂ ಬೆಲೆ ತೆರುವ ಕಾಲವಿದು!

ಡಿಜಿಟಲ್ ಚಿತ್ರಕ್ಕೂ ಟಿ.ವಿ.ಗೂ ಹುಟ್ಟಿನಿಂದಲೇ ನಂಟು. 1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಸಿದ್ಧಪಡಿಸಿದ ಕ್ಯಾಮೆರಾ ಮೂರೂವರೆ ಕಿಲೋಗೂ ಹೆಚ್ಚು ತೂಗುತ್ತಿತ್ತು. ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಇದ್ದುದು ಹತ್ತೇ ಸಾವಿರ ಬಿಂದುಗಳು, ನೋಡಿದ್ದು ಟಿ.ವಿ.ಯಲ್ಲಿ. ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರ ಆ ಮೊದಲ ಚಿತ್ರದಲ್ಲಿ ತಲೆಗೂದಲು ಕಂಡಿತೇ ಹೊರತು ಮುಖ ಕಲಸಿಹೋಗಿತ್ತು. ಆದರೂ ಕ್ಯಾಮೆರಾ ತನ್ನ ಮುಂದಿದ್ದುದನ್ನೇ ಹೇಳಲು ಹೆಣಗಿತ್ತು ಎಂಬುದನ್ನು ಮರೆಯಲಾಗದು.

ಇಂದು ಮುಖ ಕಲಸುವುದಿಲ್ಲ, ಬದಲಾಗುತ್ತದೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿನೊಡನೆ 'ಬೆಸ್ಟ್ ಟೇಕ್' ಎಂಬ ಸೌಲಭ್ಯವನ್ನು ತಂದಿತು. ಮದುವೆಮನೆಯಲ್ಲಿ ಒಂದರ ಹಿಂದೊಂದು ತೆಗೆದ ಚಿತ್ರಗಳಿಂದ ಅಜ್ಜಿಯ ತೆರೆದ ಕಣ್ಣನ್ನು ಒಂದರಿಂದ, ಮೊಮ್ಮಗನ ನಗುವನ್ನು ಇನ್ನೊಂದರಿಂದ ಆಯ್ದು ಒಂದೇ ಚಿತ್ರದಲ್ಲಿ ಕೂಡಿಸಬಹುದು. ಪ್ರತಿ ಮುಖವೂ ನಿಜ. ಆದರೆ ಆ ಕ್ಷಣ ಮಾತ್ರ ಎಂದೂ ಘಟಿಸಿದ್ದಲ್ಲ. ಹಿಂದಿನ ಸ್ಟುಡಿಯೋದವರೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಅವರು ಮೊಡವೆಯನ್ನು ಮರೆಸುತ್ತಿದ್ದರು. ಅತ್ತ ಮಗುವನ್ನು ನಗಿಸುತ್ತಿರಲಿಲ್ಲ.

ನೋಡದಿದ್ದಾಗ ಚಿತ್ರಪಟದಂತೆ ತೋರುವ ಟಿ.ವಿ.ಯನ್ನು ಸ್ಯಾಮ್‌ಸಂಗ್ 2017ರಲ್ಲೇ 'ದ ಫ್ರೇಮ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಂಥ ಪರದೆಯಲ್ಲಿ ಮನೆಯ ಆಲ್ಬಮ್ಮೇ ಗೋಡೆಗೇರುತ್ತದೆ. ನಾಳೆ ಮೊಮ್ಮಕ್ಕಳು ಅದನ್ನು ನೋಡಿ 'ಆ ದಿನ ಹೀಗಿತ್ತು' ಎಂದು ನಂಬುವರು. ಈ ಪ್ರಶ್ನೆಯ ಮುಂದೆ ಬಿಂದುಗಳ ಲೆಕ್ಕ ನನಗೆ ಕ್ಷುಲ್ಲಕವಾಗಿ ತೋರುತ್ತದೆ.

ಪರಿಹಾರದ ಯತ್ನವೂ ನಡೆದಿದೆ. ಜಮೀನಿಗೆ ಋಣಭಾರ ಪತ್ರವಿರುವಂತೆ, ಚಿತ್ರವನ್ನು ಯಾವ ಸಾಧನದಲ್ಲಿ ತೆಗೆದರು, ಆಮೇಲೆ ಏನೇನು ತಿದ್ದಿದರು ಎಂಬ ದಾಖಲೆಯನ್ನು ಚಿತ್ರದೊಳಗೇ ಸೇರಿಸುವ ಮಾನದಂಡವನ್ನು ರೂಪಿಸಲು ಅಡೋಬಿ, ಮೈಕ್ರೋಸಾಫ್ಟ್ ಮುಂತಾದ ಸಂಸ್ಥೆಗಳು 2021ರಲ್ಲಿ ಒಕ್ಕೂಟ ಕಟ್ಟಿದವು. 2023ರ ಲೈಕಾ ಎಂ11-ಪಿ ಕ್ಯಾಮೆರಾದಲ್ಲಿ ಆ ಏರ್ಪಾಡು ಹುಟ್ಟಿನಿಂದಲೇ ಇದೆ. ಆದರೆ ಅದರ ಬೆಲೆ ನಮ್ಮ ನಿಮ್ಮಂಥವರ ಕೈಗೆಟುಕುವುದಲ್ಲ. ಟಿ.ವಿ. ಪರದೆಯ ಮೂಲೆಯಲ್ಲಿ ಆ ದಾಖಲೆ ಕಾಣುವಂತೆ ಮಾಡಿದರೆ, 8ಕೆ ಬಿಟ್ಟು ನಾನು ಅದಕ್ಕೇ ಹಣ ಕೊಟ್ಟೇನು. ಅಲ್ಲಿಯವರೆಗೆ, ಅಜ್ಜಿ ಕಣ್ಣು ಮುಚ್ಚಿರುವ ಮೂಲಚಿತ್ರವನ್ನು ದಯವಿಟ್ಟು ಅಳಿಸಬೇಡಿ.