ಫ್ಲೂ ಮತ್ತು ದಿನದ ದುಡಿಮೆ: ಒಂದು ಅಳತೆಗೋಲಿನ ಶೂನ್ಯದೋಷ

ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಬಂದೊಡನೆ ಅದರ ಶೂನ್ಯದೋಷ ನೋಡಬೇಕೆಂಬುದು ಪಿಯುಸಿ ವಿದ್ಯಾರ್ಥಿಗೂ ಗೊತ್ತು. ರೋಗಿಯ ಕಷ್ಟವನ್ನು ಅಳೆಯುವ ಪ್ರಶ್ನಾವಳಿಗಳನ್ನು ಮಾತ್ರ ನಾವು ಹಾಗೆ ಪರೀಕ್ಷಿಸದೆ ಬಳಸಿಬಿಡುತ್ತೇವೆ.

ಇನ್‌ಫ್ಲುಯೆಂಜಾ ಬಂದವರ ಜ್ವರಕ್ಕೆ ಥರ್ಮಾಮೀಟರ್ ಇದೆ, ವೈರಸ್ ಪತ್ತೆಗೆ ಆರ್‌ಟಿ-ಪಿಸಿಆರ್ ಇದೆ. ದಿನನಿತ್ಯದ ಕೆಲಸ ಎಷ್ಟು ಕೆಟ್ಟಿತೆಂದು ತಿಳಿಯಲು ರೋಗಿಯನ್ನೇ ಕೇಳಬೇಕು. ಫ್ಲೂ ಅಧ್ಯಯನಗಳಲ್ಲೂ ಬಳಕೆಯಾಗಿರುವ ಅಂಥ ಒಂದು ಸಾಧನ 1993ರಲ್ಲಿ ಪ್ರಕಟವಾದ 'ಡಬ್ಲ್ಯುಪಿಎಐ' ಪ್ರಶ್ನಾವಳಿ. ಪ್ರಶ್ನೆಗಳು ಆರೇ. ಮೊದಲನೆಯದು, ನೀವು ಹಣಕ್ಕಾಗಿ ದುಡಿಯುತ್ತಿದ್ದೀರಾ ಎಂಬುದು. ಮುಂದಿನ ಮೂರು, ಕಳೆದ ಏಳು ದಿನಗಳಲ್ಲಿ ಅನಾರೋಗ್ಯದಿಂದ ತಪ್ಪಿದ, ಬೇರೆ ಕಾರಣಕ್ಕೆ ತಪ್ಪಿದ ಮತ್ತು ದುಡಿದ ಗಂಟೆಗಳ ಬಗ್ಗೆ. ಕೊನೆಯ ಎರಡರಲ್ಲಿ ದುಡಿಮೆಯೂ ಇತರ ಚಟುವಟಿಕೆಗಳೂ ಎಷ್ಟು ಕುಂದಿದವೆಂದು 0ಯಿಂದ 10ರೊಳಗೆ ಅಂಕ ಕೊಡಬೇಕು.

ಲೆಕ್ಕ ಹೀಗೆ: ವಾರದ 40 ಗಂಟೆಗಳಲ್ಲಿ ನೌಕರನೊಬ್ಬ 8 ಗಂಟೆ ರಜೆ ಹಾಕಿದರೆ ನಷ್ಟ ಶೇ. 20. ಉಳಿದ 32 ಗಂಟೆಗೆ ಆತ 5 ಅಂಕ ಕೊಟ್ಟರೆ ಶೇ. 80ರಲ್ಲಿ ಅರ್ಧ, ಅಂದರೆ ಶೇ. 40. ಒಟ್ಟು ಶೇ. 60. ಚೊಕ್ಕ ಗಣಿತ.

ಈ ಅಳತೆಗೋಲನ್ನು ರಾಯಚೂರು ತಾಲ್ಲೂಕಿನ ಮಟಮಾರಿಗೆ ಒಯ್ದು ನೋಡೋಣ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಗಳೊಬ್ಬಳಿಗೆ ಫ್ಲೂ ಬಂದಿದೆಯೆಂದು ಭಾವಿಸಿ. ಕೂಲಿ ಕೆ.ಜಿ. ಲೆಕ್ಕದ್ದು, ಹೋಗದಿದ್ದರೆ ಅಂದಿನ ಕೂಲಿ ಇಲ್ಲ. ಮೈಕೈ ನೋವಿನಲ್ಲೇ ಆಕೆ ಹೊಲಕ್ಕೆ ಹೋಗುತ್ತಾಳೆ. ತಪ್ಪಿದ ಗಂಟೆ ಸೊನ್ನೆ. ಎಷ್ಟು ತೊಂದರೆಯಾಯಿತೆಂದು ಕೇಳಿದರೆ, "ಏನ್ ಮಾಡೋದ್ರೀ, ನಡೀತದ" ಎಂದು 3 ಅಂಕ ಕೊಡುತ್ತಾಳೆ. ಫಲಿತಾಂಶ ಶೇ. 30. ದಿನಕ್ಕೆ 40 ಕೆ.ಜಿ. ಬಿಡಿಸುತ್ತಿದ್ದವಳು ಆ ವಾರ ದಿನಕ್ಕೆ 16 ಕೆ.ಜಿ. ಬಿಡಿಸಿದಳೆಂದು ಹಿಡಿದರೆ, ಹೊಲದ ತಕ್ಕಡಿ ಹೇಳುವ ನಷ್ಟ ಶೇ. 60! ರಜೆ ಪಡೆದ ನೌಕರನಷ್ಟೇ ನಷ್ಟವಾಗಿದ್ದರೂ ಕಾಗದದಲ್ಲಿ ಅರ್ಧ. ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವವಳ ಗತಿ ಇನ್ನೂ ವಿಚಿತ್ರ. ಮೊದಲ ಪ್ರಶ್ನೆಗೆ 'ಇಲ್ಲ' ಎಂದೊಡನೆ ಆಕೆ ನೇರವಾಗಿ ಆರನೆಯದಕ್ಕೆ ಹೋಗಬೇಕು. ಅವಳ ಕೃಷಿ ದುಡಿಮೆ 'ಇತರ ಚಟುವಟಿಕೆ'ಗಳಲ್ಲಿ ಕರಗಿಹೋಗುತ್ತದೆ.

ಅಂಕಗಳ ಗುಣಾಕಾರದಲ್ಲೂ ಒಂದು ತೊಡಕಿದೆ. 1812ರಲ್ಲಿ ಮೋಸ್ ರೂಪಿಸಿದ ಗಡಸುತನದ ಮಾನದಲ್ಲಿ ಕುರುಂದ 9, ವಜ್ರ 10. ಆದರೂ ವಜ್ರ ಕುರುಂದಕ್ಕಿಂತ ಹಲವು ಪಟ್ಟು ಗಡಸು. ಆ ಅಂಕಗಳು ಕ್ರಮವನ್ನಷ್ಟೇ ಹೇಳುತ್ತವೆ. ರೋಗಿ ಕೊಡುವ 6 ಎಂಬುದು 3ರ ಇಮ್ಮಡಿ ಎಂದು ಯಾರು ಪ್ರಮಾಣೀಕರಿಸಿದರು?

ಇದು ಬರಿಯ ಪಂಡಿತರ ತಕರಾರಲ್ಲ. ಇಂಥ ಶೇಕಡಾಂಶಗಳನ್ನು ಕೂಲಿ ದರದಿಂದ ಗುಣಿಸಿ 'ಫ್ಲೂ ಹೊರೆ' ಎಂಬ ಮೊತ್ತ ತೆಗೆಯುತ್ತಾರೆ. ಲಸಿಕೆಗೆ ಎಷ್ಟು ಖರ್ಚು ಮಾಡಬಹುದೆಂಬ ವಾದಕ್ಕೆ ಅದು ಆಧಾರವಾಗುತ್ತದೆ. ರಜೆ ಹಾಕಲಾಗದವರ ಊರು ಆ ಲೆಕ್ಕದಲ್ಲಿ ಹೆಚ್ಚು ಆರೋಗ್ಯವಾಗಿ ಕಾಣುತ್ತದೆ.

2011ರಲ್ಲಿ ಪ್ರಕಟವಾದ 'ಫ್ಲೂಐಐಕ್ಯು' ಈ ದೃಷ್ಟಿಯಿಂದ ಮೇಲು. ಅದರಲ್ಲಿ ರೋಗಲಕ್ಷಣಗಳ ಜೊತೆಗೆ ದೈನಂದಿನ ಚಟುವಟಿಕೆ, ಭಾವನೆ, ಇತರರ ಮೇಲಾದ ಪರಿಣಾಮ ಎಂಬ ವಿಭಾಗಗಳಿವೆ. ಕೊನೆಯದು ನನಗೆ ಬಹಳ ಹಿಡಿಸಿತು. ತಾಯಿ ಮಲಗಿದರೆ ನೀರು ತರುವ ಕೆಲಸ ನಿಲ್ಲುವುದಿಲ್ಲ, ಮಗಳಿಗೆ ವರ್ಗವಾಗುತ್ತದೆ. (ಸಂರಕ್ಷಣಾ ನಿಯಮ ಇಲ್ಲಿಯೂ ಇದೆಯೆನ್ನಿ!) ಆದರೆ ಉತ್ತರಿಸುವವಳು ತಾಯಿಯೊಬ್ಬಳೇ, ಮಗಳಿಗೆ ತಪ್ಪಿದ ಶಾಲೆಯ ದಿನಗಳಿಗೆ ಬೇರೆ ಪ್ರಶ್ನೆಯೇ ಬೇಕು.

ಶೂನ್ಯದೋಷ ತಿಳಿಯುವುದು ಕಷ್ಟವಲ್ಲ. ಅದೇ ಜನರಿಗೆ ಆರೋಗ್ಯವಾಗಿರುವಾಗಲೂ ಇದೇ ಪ್ರಶ್ನೆಗಳನ್ನು ಕೇಳಬೇಕು. ಭಾರತದಲ್ಲಿ ಫ್ಲೂ ಹೆಚ್ಚುವುದು ಜನವರಿಯಿಂದ ಮಾರ್ಚ್‌ವರೆಗೆ ಮತ್ತು ಮಳೆಗಾಲದ ಕೊನೆಗೆ. ಹತ್ತಿ ಬಿಡಿಸುವ ಕೆಲಸ ಜನವರಿಯಲ್ಲೂ ನಡೆದಿರುವುದರಿಂದ ಆಗಲೇ ಅಳೆಯಬಹುದು. ಡೆಂಗ್ಯೂ ಜ್ವರ ಲೆಕ್ಕಕ್ಕೆ ಸೇರದಂತೆ ಪ್ರಯೋಗಾಲಯದ ಪರೀಕ್ಷೆಯೂ ಆಗಲಿ. ಅಂಕದ ಪಕ್ಕದಲ್ಲಿ ಎರಡು ಕಾಲಂ ಹೆಚ್ಚಿಗೆ ಇರಲಿ: ಈ ವಾರ ಎಷ್ಟು ಕೆ.ಜಿ.? ಮನೆಗೆ ನೀರು ತಂದವರು ಯಾರು?