ಅಂಗಳದ ಬ್ಲಾಕು, ಸಂದಿನ ಮರಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹೊಸ ಬಡಾವಣೆಗಳಲ್ಲಿ ಮನೆಯ ಅಂಗಳಕ್ಕೆ ಪೇವರ್ ಬ್ಲಾಕ್ ಹಾಕಿಸುವುದು ಈಗ ರೂಢಿ. ಬ್ಲಾಕಿನ ಬಣ್ಣ, ಆಕಾರ, ದಪ್ಪದ ಬಗ್ಗೆ ಮನೆಯವರು ನಾಲ್ಕು ಕಡೆ ವಿಚಾರಿಸುತ್ತಾರೆ. ಅಡಿಗೆ ಯಾವ ಮರಳು, ಸಂದಿಗೆ ಯಾವುದು ಎಂಬುದನ್ನು ಮಾತ್ರ ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಅನೇಕ ಕಡೆ ಕ್ರಷರ್‌ನಿಂದ ಒಂದು ಲೋಡು ಡಸ್ಟ್ ಬರುತ್ತದೆ. ಅಡಿಗೂ ಅದೇ, ಸಂದಿಗೂ ಅದೇ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾರಿನ ಚಕ್ರ ಓಡಾಡುವ ಜಾಗ ತಗ್ಗಾಗಿ ನೀರು ನಿಲ್ಲುತ್ತದೆ, ಕಾಲಿಟ್ಟರೆ ಬ್ಲಾಕು ಅಲುಗಾಡುತ್ತದೆ. ದೂರು ಬರುವುದು ಬ್ಲಾಕಿನ ಮೇಲೆ. ಬಹುಪಾಲು ಕಡೆ ತಪ್ಪು ಬ್ಲಾಕಿನದಲ್ಲ, ಮರಳಿನ ಆಯ್ಕೆಯದು.

ಈ ಬಗೆಯ ಹಾಸಿನಲ್ಲಿ ಬ್ಲಾಕುಗಳನ್ನು ಒಂದಕ್ಕೊಂದು ಅಂಟಿಸಿರುವುದಿಲ್ಲ. ಸಂದಿನಲ್ಲಿ ಬಿಗಿಯಾಗಿ ಕೂತ ಮರಳಿನ ಘರ್ಷಣೆಯಿಂದ ಒಂದರ ಮೇಲೆ ಬಿದ್ದ ಭಾರ ಅಕ್ಕಪಕ್ಕದವಕ್ಕೂ ಹಂಚಿಹೋಗುತ್ತದೆ. ಸಂದು ಬರಿದಾದರೆ ಪ್ರತಿ ಬ್ಲಾಕೂ ಒಂಟಿಯಾಗಿ ಭಾರ ಹೊರಬೇಕು. ಅಡಿಯ ಮರಳಿನ ಕೆಲಸ ಬೇರೆ: ಬ್ಲಾಕು ಸಮವಾಗಿ ಕೂರಲು ಹದವಾದ ಹಾಸಿಗೆಯಾಗುವುದು, ಸಂದಿನಿಂದ ಇಳಿದ ನೀರನ್ನು ಹಿಡಿದಿಟ್ಟುಕೊಳ್ಳದೆ ಬಿಟ್ಟುಬಿಡುವುದು. ಹೀಗಿರುವಾಗ ಒಂದೇ ಲೋಡು ಎರಡಕ್ಕೂ ಸಾಕು ಎಂಬ ರೂಢಿ ಮೂಲದಲ್ಲೇ ತಪ್ಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 63 ಮಾರ್ಗಸೂಚಿ ಎರಡಕ್ಕೂ ಬೇರೆ ಬೇರೆ ಅಳತೆ ಹೇಳುತ್ತದೆ. ಅಡಿಯ ಮರಳು ಬಹುತೇಕ 4.75 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ಸಂದಿನದು ಪೂರ್ತಿ 2.36 ಮಿ.ಮೀ. ಜರಡಿಯಲ್ಲಿ ಇಳಿಯಬೇಕು.

ಡಸ್ಟ್ ಇಷ್ಟು ಜನಪ್ರಿಯವಾಗಿರುವುದಕ್ಕೆ ಕಾರಣ ಸರಳ. ಸುತ್ತಲೂ ಕಲ್ಲುಬೆಟ್ಟ, ಹತ್ತಿರದಲ್ಲೇ ಕ್ರಷರ್, ಬೆಲೆ ಕಡಿಮೆ. ಜಲ್ಲಿ ಒಡೆಯುವಾಗ ಉಳಿಯುವ ಈ ಪುಡಿಯಲ್ಲಿ ಚಪ್ಪಟೆ ಚೂರುಗಳ ಜೊತೆ ಹಿಟ್ಟಿನಂಥ ನುಣ್ಣನೆಯ ಕಲ್ಲುಪುಡಿ ಧಾರಾಳವಾಗಿರುತ್ತದೆ. ಹಾಕಿದ ದಿನ ಅದು ಬಹಳ ಚೆನ್ನಾಗಿ ಕಾಣುತ್ತದೆ: ನೀರು ಚಿಮುಕಿಸಿ ದಮ್ಮಸ್ಸು ಹೊಡೆದರೆ ಗಾರೆ ನೆಲದಂತೆ ಗಟ್ಟಿ. ಮೋಸ ಇರುವುದು ಅಲ್ಲೇ. ಮಳೆ ನೀರು ಕೆಳಗಿಳಿದಾಗ ಆ ನುಣುಪು ಪುಡಿ ತೇವವನ್ನು ಹಿಡಿದುಕೊಂಡು ಕೆಸರಾಗುತ್ತದೆ, ಮೇಲೆ ವಾಹನ ಹಾದಂತೆಲ್ಲ ಆ ಕೆಸರು ಸಂದಿನಿಂದ ಮೇಲಕ್ಕೆ ಉಕ್ಕುತ್ತದೆ. ಮಳೆ ನಿಂತ ಮೇಲೆ ಬ್ಲಾಕಿನ ಅಂಚಿನಲ್ಲಿ ಒಣಗಿದ ಬೂದು ಗೆರೆ ಕಂಡರೆ ಅಡಿಯ ಹಾಸು ಹೊರಬರುತ್ತಿದೆ ಎಂದೇ ಅರ್ಥ. ಇಲ್ಲಿಯ ಮಳೆ ವರ್ಷವಿಡೀ ಹನಿಯುವಂಥದಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಂದೊಂದು ಸಂಜೆ ರಭಸವಾಗಿ ಸುರಿದುಹೋಗುತ್ತದೆ. ಡಸ್ಟ್‌ನ ಹಾಸಿಗೆ ಸೋಲುವುದು ಇಂಥ ಮಳೆಗೇ.

ತೊಳೆದ ಎಂ-ಸ್ಯಾಂಡ್ ಇದಕ್ಕಿಂತ ಬಹಳ ಮೇಲು. ಅದರ ಕಾಳು ಕೋನಕೋನವಾಗಿರುವುದರಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆದರೆ ಡಸ್ಟನ್ನೇ ಜರಡಿ ಹಿಡಿದು ಎಂ-ಸ್ಯಾಂಡ್ ಎಂದು ಮಾರುವುದೂ ಉಂಟು. ಇನ್ನೊಂದು ತೊಡಕು, ಕಾಂಕ್ರೀಟಿಗೆ ಪಾಸಾದ ಎಂ-ಸ್ಯಾಂಡೆಲ್ಲ ಬ್ಲಾಕಿನ ಅಡಿಗೆ ಪಾಸಾಗುವುದಿಲ್ಲ. ಕಾಂಕ್ರೀಟಿನ ಮರಳು, ಜಲ್ಲಿಗೆ ಇರುವ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಕಲ್ಲು ಒಡೆದು ಮಾಡಿದ ಮರಳಿನಲ್ಲಿ 75 ಮೈಕ್ರಾನಿಗಿಂತ ನುಣುಪಾದ ಪುಡಿ ಶೇ. 15ರವರೆಗೆ ಇರಬಹುದು ಎನ್ನುತ್ತದೆ. ಎಸ್‌ಪಿ 63ರ ಮಿತಿ ಶೇ. 10. ಅಮೆರಿಕದ ಪೇವರ್ ಉದ್ಯಮದ ಮಾರ್ಗಸೂಚಿಯಲ್ಲಿ ಅಡಿಯ ಮರಳಿಗೆ ಈ ಮಿತಿ ಶೇ. 1 ಮಾತ್ರ. ನಡೆದಾಡುವ ಅಂಗಳಕ್ಕೆ ಎಸ್‌ಪಿ 63ರ ಮಿತಿ ನಡೆದೀತು; ಕಾರು, ಟ್ರ್ಯಾಕ್ಟರ್ ನಿಲ್ಲುವ ಜಾಗಕ್ಕೆ ಅದು ತೀರಾ ಸಡಿಲ. ಲೋಡು ಇಳಿಸುವ ಮೊದಲೇ ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ಮರಳು ಹಾಕಿ, ಚಿಟಿಕೆ ಉಪ್ಪು ಬೆರೆತ ನೀರು ತುಂಬಿ, ಚೆನ್ನಾಗಿ ಕದಡಿ ಮೂರು ಗಂಟೆ ಬಿಟ್ಟರೆ ಮರಳಿನ ಮೇಲೆ ಪುಡಿಯ ಪದರ ಬೇರೆಯಾಗಿ ನಿಲ್ಲುತ್ತದೆ. ಕಟ್ಟಡ ಕೆಲಸದಲ್ಲಿ ಈ ಪದರ ಮರಳಿನ ಎತ್ತರದ ಶೇ. 8 ಮೀರಬಾರದು ಎಂಬುದು ವಾಡಿಕೆಯ ಮಿತಿ. ಅಡಿಯ ಹಾಸಿಗೆ ಅದಕ್ಕಿಂತಲೂ ತೆಳುವಾಗಿದ್ದರೆ ಒಳ್ಳೆಯದು. ಲ್ಯಾಬಿಗೆ ಕಳಿಸುವಷ್ಟು ದೊಡ್ಡ ಕೆಲಸವಲ್ಲದ ಮನೆಯಂಗಳಕ್ಕೆ ಇಷ್ಟು ಪರೀಕ್ಷೆ ಸಾಕು.

ಕೆರೆಯಂಗಳದ, ಹೊಲದ ಮಣ್ಣನ್ನು ತೊಳೆದು ತೆಗೆಯುವ ಫಿಲ್ಟರ್ ಮರಳನ್ನು ಎರಡು ಕಾರಣಕ್ಕೆ ದೂರ ಇಡಬೇಕು. ಒಂದು, ಆ ದಂಧೆಯೇ ಕಾನೂನುಬಾಹಿರ, ಕೆರೆಗೂ ಹೊಲಕ್ಕೂ ಅದರಿಂದಾಗುವ ಹಾನಿ ತುಂಬಿಕೊಡಲಾಗದ್ದು. ಎರಡು, ಎಷ್ಟು ತೊಳೆದರೂ ಕಾಳಿಗೆ ಮೆತ್ತಿಕೊಂಡ ಜೇಡಿ ಹೋಗುವುದಿಲ್ಲ. ನೆನೆದಾಗ ಅದು ಜಾರುತ್ತದೆ. ಗೌರಿಬಿದನೂರಿನ ಕಡೆ ಉತ್ತರ ಪಿನಾಕಿನಿಯ ಮರಳಿಗೆ ಇನ್ನೂ ಮರ್ಯಾದೆಯಿದೆ. ಮನೆ ಕಟ್ಟುವವರಿಗೆ ಅದರ ಮೇಲೆ ಮಮತೆ ಇರುವುದು ಸಹಜ. ಬ್ಲಾಕಿನ ಅಡಿಗೆ ಮಾತ್ರ ಹೊಳೆಮರಳಿನ ದುಂಡನೆಯ ಕಾಳಿಗಿಂತ ಎಂ-ಸ್ಯಾಂಡಿನ ಕೋನಕಾಳೇ ವಾಸಿ. ವರ್ಷದ ಬಹುಕಾಲ ಬತ್ತಿರುವ ಆ ಹೊಳೆಯಲ್ಲಿ ಅಂತರ್ಜಲವನ್ನು ಹಿಡಿದಿಡುವುದು ಉಳಿದಿರುವ ಮರಳೇ ಆದ್ದರಿಂದ, ಅಂಗಳದ ಶೋಕಿಗೆ ಅದನ್ನು ತೆಗೆಸುವುದಕ್ಕೆ ಸಮರ್ಥನೆಯಿಲ್ಲ.

ಅಡಿಯ ಹಾಸು 20ರಿಂದ 40 ಮಿ.ಮೀ. ಒಳಗಿರಬೇಕು. ಕೆಳಗಿನ ಗ್ರಾವೆಲ್ ಅಥವಾ ವೆಟ್‌ಮಿಕ್ಸ್ ಏರುತಗ್ಗಾಗಿದ್ದರೆ ಅದನ್ನು ಮರಳಿನಿಂದ ಮಟ್ಟ ಮಾಡುವ ಚಾಳಿ ಕೆಟ್ಟದ್ದು. ಮರಳು ದಪ್ಪ ಬಿದ್ದ ಕಡೆಯೇ ನಾಳೆ ಕುಸಿಯುವುದು. ವಾಟ ಕೊಡಬೇಕಾದದ್ದೂ ಕೆಳಗಿನ ಪದರದಲ್ಲೇ, 50 ಅಡಿಗೆ 1 ಅಡಿಯಂತೆ. ಅಂಚಿಗೆ ಕರ್ಬ್ ಕಲ್ಲು ಕೂರಿಸದಿದ್ದರೆ ಎಷ್ಟು ಒಳ್ಳೆಯ ಮರಳೂ ಪಕ್ಕಕ್ಕೆ ಸರಿದು ಹೋಗುತ್ತದೆ.

ಸಂದಿನ ವಿಷಯದಲ್ಲಿ ರೂಢಿ ಇನ್ನೂ ಎಡವಟ್ಟಾಗಿದೆ. ಬ್ಲಾಕಿನ ನಡುವಿನ ಸಂದು 2ರಿಂದ 4 ಮಿ.ಮೀ. ಅಷ್ಟರೊಳಗೆ ದಪ್ಪ ಎಂ-ಸ್ಯಾಂಡ್ ಇಳಿಯದೆ ಬಾಯಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ತುಂಬಿದಂತೆ ಕಾಣುವ ಸಂದು ಒಳಗೆ ಪೊಳ್ಳು. ಪ್ಲಾಸ್ಟರಿಂಗ್‌ಗೆ ತರುವ ಪಿ-ಸ್ಯಾಂಡನ್ನು ಸಣ್ಣ ಜರಡಿ ಹಿಡಿದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬಳಸುವುದು ಇಲ್ಲಿ ಸಿಗುವ ಅತ್ಯುತ್ತಮ ಉಪಾಯ. ಒಣಗಿಸುವ ಹೆಜ್ಜೆಯನ್ನೇ ಬಹಳ ಜನ ಬಿಡುತ್ತಾರೆ. ಹಸಿ ಮರಳು ಅಂಟಿಕೊಂಡು ಕೆಳಗಿಳಿಯುವುದಿಲ್ಲ. ಮೊದಲು ಪ್ಲೇಟ್ ವೈಬ್ರೇಟರ್ ಓಡಿಸಿ ಬ್ಲಾಕು ಕೂರಿಸಿ, ಮರಳು ಹರಡಿ ಪೊರಕೆಯಲ್ಲಿ ಗುಡಿಸಿ, ಮತ್ತೆ ವೈಬ್ರೇಟರ್ ಓಡಿಸಬೇಕು. ಎರಡನೇ ಸಲ ಓಡಿಸಿದಾಗ ತುಂಬಿದ್ದ ಸಂದು ಕಣ್ಣೆದುರೇ ಇಳಿಯುವುದು ಕಾಣುತ್ತದೆ. ಇಳಿಯುವುದು ನಿಲ್ಲುವ ತನಕ ತುಂಬಿಸುತ್ತಲೇ ಇರಬೇಕು.

ಸಿಮೆಂಟಿನ ಹಾಲು ಸುರಿದು ಸಂದು ಮುಚ್ಚುವುದು ಅತಿ ಕೆಟ್ಟ ಪದ್ಧತಿ. ಅಡಿಯಲ್ಲಿ ಅಲುಗುವ ಮರಳು, ಮೇಲೆ ಅಲುಗದ ಸಿಮೆಂಟು. ಹೊಂದಾಣಿಕೆಯೇ ಇಲ್ಲದೆ ಕೆಲವೇ ತಿಂಗಳಲ್ಲಿ ಸಂದು ಬಿರಿದು ಚೂರು ಏಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಬ್ಲಾಕನ್ನು ಎತ್ತಿ ಮತ್ತೆ ಕೂರಿಸುವ ಅನುಕೂಲ ಹೋಗುವುದು. ಬೋರ್‌ವೆಲ್ ಪೈಪು, ಒಳಚರಂಡಿ, ಕೇಬಲ್ ಎಂದು ಅಂಗಳ ಅಗೆಯುವ ಸಂದರ್ಭ ಇಲ್ಲಿ ಒಂದಲ್ಲ ಒಂದು ಬರುತ್ತಲೇ ಇರುತ್ತದೆ. ಬ್ಲಾಕಿಗೆ ಹೆಚ್ಚು ದುಡ್ಡು ಕೊಡುವುದೇ ಆ ಅನುಕೂಲಕ್ಕಾಗಿ.

ಬೆಂಗಳೂರಿನಿಂದ ಚೀಲದಲ್ಲಿ ಬರುವ ಪಾಲಿಮರ್ ಮರಳು ನೀರು ಬಿದ್ದ ಮೇಲೆ ಗಟ್ಟಿಯಾಗುತ್ತದೆ, ಇರುವೆಗೂ ಗರಿಕೆಗೂ ಎಡೆ ಕೊಡುವುದಿಲ್ಲ ಎಂಬ ಹೊಗಳಿಕೆ ಸುಳ್ಳಲ್ಲ. ಆದರೆ ಸಂದು ಪೂರ್ತಿ ಒಣಗಿರಬೇಕು, ಬ್ಲಾಕಿನ ಮೇಲೆ ಕಣವೂ ಉಳಿಯದಂತೆ ಗುಡಿಸಬೇಕು, ಹಾಕಿದ ಮೇಲೆ ಗಟ್ಟಿಯಾಗುವ ತನಕ ಮಳೆ ಬೀಳಬಾರದು. ಉಳಿದ ಪುಡಿ ಬ್ಲಾಕಿನ ಮೇಲೆ ಬಿಳಿ ಮಂಕಾಗಿ ಅಂಟಿಕೊಂಡುಬಿಡುತ್ತದೆ. ಮೂರೂ ಷರತ್ತು ಪಾಲಿಸಿದರೂ 2 ಮಿ.ಮೀ. ಸಂದಿಗೆ ಅದು ಹೇಳಿಸಿದ್ದಲ್ಲ. ದುಡ್ಡಿಗೆ ತಕ್ಕ ಫಲ ಸಿಗುವುದು ಅಗಲ ಸಂದಿನ, ನೆರಳಿಲ್ಲದ, ನೀರು ನಿಲ್ಲದ ಅಂಗಳಗಳಲ್ಲಿ ಮಾತ್ರ.

ಇಲ್ಲಿಯ ಬದುಕಿನ ಒಂದು ವಾಡಿಕೆ ಯಾವ ಕೈಪಿಡಿಯಲ್ಲೂ ಇಲ್ಲ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಬಿಂದಿಗೆಗಟ್ಟಲೆ ನೀರು ಹಾಕಿ, ಕಡ್ಡಿಪೊರಕೆಯಲ್ಲಿ ಉಜ್ಜಿ, ರಂಗೋಲಿ ಇಡುತ್ತಾರೆ. ಹೊಸ ಸಂದಿನ ಮರಳು ಕೊಚ್ಚಿಹೋಗುವುದು ಮಳೆಗಿಂತ ಮೊದಲು ಈ ಕೆಲಸದಲ್ಲೇ. ಹೊಸಲಿನ ಎದುರಿನ ಅಷ್ಟು ಜಾಗಕ್ಕೆ ಬ್ಲಾಕಿನ ಬದಲು ಚಪ್ಪಡಿ ಕಲ್ಲು ಹಾಕಿಸುವುದು ಜಾಣತನ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಗಳಂತೆ ನೀರಿನ ಬಳಕೆ ಹೆಚ್ಚಿರುವ ಅಂಗಳಕ್ಕೂ ಇದೇ ಸರಿ. ಕಾಂಕ್ರೀಟಿನ ಮೇಲೆ ಕೂರಿಸಿದ ಚಪ್ಪಡಿಯ ಸಂದಿಗೆ ಸಿಮೆಂಟು ಗಾರೆಯೇ ಯೋಗ್ಯ, ಏಕೆಂದರೆ ಅಲ್ಲಿ ಅಡಿಯೂ ಅಲುಗುವುದಿಲ್ಲ. ಮರಳಿನ ಮೇಲೆ ಹಾಸಿದ ಚಪ್ಪಡಿಯ ಬೆರಳಗಲದ ಸಂದಿಗೆ ಪಿ-ಸ್ಯಾಂಡ್ ನಿಲ್ಲದು, 6 ಮಿ.ಮೀ. ಒಳಗಿನ, ಪುಡಿಯಿಲ್ಲದ ಜಲ್ಲಿಚೂರು ತುಂಬಿಸಬೇಕು. ಉಳಿದ ಬ್ಲಾಕಿನ ಅಂಗಳಕ್ಕೆ ಮೊದಲ ಮಳೆಗಾಲ ಮುಗಿದ ಮೇಲೆ ಒಮ್ಮೆ ಸಂದು ತುಂಬಿಸಲು ಎರಡು ಚೀಲ ಪಿ-ಸ್ಯಾಂಡನ್ನು ಕೆಲಸ ನಡೆಯುವಾಗಲೇ ಒಣ ಜಾಗದಲ್ಲಿ ಎತ್ತಿಡಬೇಕು.