ರಾಗಿ ಸರಿ

ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ರಾಗಿ ಸರಿ ಕೂಸಿನ ಊಟ. ಹಾಸಿಗೆ ಹಿಡಿದ ಹಿರಿಯರಿಗೂ ಅದೇ ಆಸರೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ ಬರುವಷ್ಟೇ ಬೆಚ್ಚಗೆ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಇಷ್ಟೂ ದುಡಿಮೆ ಹೆಂಗಸರ ಪಾಲಿಗೇ ಬೀಳುವುದು ನನಗೆ ಸಂಕಟ.

ಸರಿಯ ಗುಟ್ಟಿರುವುದು ಮೊಳಕೆಯಲ್ಲಿ. ಅಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಬೇಯಿಸುವಾಗ ಹಿಟ್ಟು ತುಸು ಹೆಚ್ಚಾದರೂ ಸರಿ ಗಟ್ಟಿಯಾಗದು, ಚಿಕ್ಕ ಬಟ್ಟಲಲ್ಲೇ ಹೆಚ್ಚು ಶಕ್ತಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಪಾರ್ಶ್ವವಾಯು ಬಡಿದು ನುಂಗಲಾಗದವರಿಗೆ ತೆಳು ಸರಿ ಶ್ವಾಸನಾಳಕ್ಕೆ ಇಳಿಯಬಹುದು. ಹದವನ್ನು ವೈದ್ಯರಲ್ಲೇ ಕೇಳಬೇಕು.

ಹಿರಿಯರು ಹಾಸಿಗೆ ಹಿಡಿದ ಮನೆಯ ನೋಟವಿದು: ನಿದ್ದೆಗೆಟ್ಟ ಸೊಸೆ, ಬಾಯಿ ತೆರೆಯದ ಅತ್ತೆ, ಮತ್ತೆ ಮತ್ತೆ ಬಿಸಿ ಮಾಡಿದ ಸರಿ. ಬಟ್ಟಲು ಖಾಲಿಯಾದ ದಿನ ಇಬ್ಬರಿಗೂ ಗೆಲುವು.